ಬ್ರೇಕಿನ ಪೆಡಲು

ನಮ್ಮ ಚಿರಂಜೀವಿಗೆ ಕಾರಿನ ಹುಚ್ಚು. ವಾರವೆಲ್ಲ ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ನಿಂತೇ ಹೋಗಿಬರುವವನಿಗೆ ಕಾರೇಕೆ ಎಂದು ಕೇಳಿದರೆ, "ಅದಕ್ಕೇ ಬೇಕಪ್ಪಾ" ಎನ್ನುತ್ತಾನೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಒಂದು ದಿನ ಸ್ವಂತ ಕಾರನ್ನೇ ಓಡಿಸಿ ಬರುತ್ತೇನೆ ಎಂದಾಗ ಮನೆಯಲ್ಲಿ ಸಣ್ಣ ಬಿರುಗಾಳಿ ಎದ್ದಿತು. ಅದು ಪಂದ್ಯವಲ್ಲ, ಅಭ್ಯಾಸ ಮಾತ್ರ ಎಂದು ತಾಯಿಗೆ ತಿಳಿಹೇಳಿದ. "ಇಷ್ಟು ದೊಡ್ಡ ಮುಂಬಯಿಯಲ್ಲಿ ಅದಕ್ಕೊಂದು ಜಾಗವಿಲ್ಲವೇ?" ಎಂದಳು ಅವಳು. ಹಿಂದೆ ಜುಹೂ ವಿಮಾನ ನಿಲ್ದಾಣದ ಓಡುದಾರಿಯಲ್ಲೇ ಕಾರಿನ ಪಂದ್ಯಗಳು ನಡೆದದ್ದುಂಟು. ಅದೀಗ ಹಳೆಯ ಮಾತು.

ಹೋಗು, ಆದರೆ ಬ್ರೇಕು ಸರಿಮಾಡಿಕೊಂಡು ಹೋಗು ಎಂದು ನಾನು ಷರತ್ತು ಹಾಕಿದೆ. ಬ್ರೇಕೆಂದರೆ ಓಟವನ್ನು ಶಾಖವಾಗಿ ಮಾರ್ಪಡಿಸುವ ಸಾಧನ. ಖಂಡಾಳದ ಘಾಟಿ ಇಳಿಯುವ ಲಾರಿಯವರು ಕೆಳಗಿನ ಗೇರಿನಲ್ಲೇ ಇಳಿಯುವುದು ಈ ಶಾಖಕ್ಕೆ ಹೆದರಿ. ಓಟದ ಹಾದಿಯಲ್ಲಂತೂ ತಿರುವಿನಿಂದ ತಿರುವಿಗೆ ತಣಿಯಲು ಬಿಡುವೇ ಇಲ್ಲ.

ಭಾನುವಾರ ಬೆಳಿಗ್ಗೆ ಸೊಸೈಟಿಯ ಅಂಗಳದಲ್ಲೇ ಕೆಲಸ ಸುರುವಾಯಿತು. ಹಿಂದಿನ ಗಾಲಿಗಳಿಗೆ ಇಟ್ಟಿಗೆ ಕೊಟ್ಟು, ಮುಂಗಾಲಿಯ ನಟ್ಟುಗಳನ್ನು ನೆಲದಲ್ಲಿರುವಾಗಲೇ ಸಡಿಲಿಸಿ, ಜ್ಯಾಕ್ ಏರಿಸಿ, ಅದರ ಪಕ್ಕಕ್ಕೆ ಗಟ್ಟಿ ಸ್ಟ್ಯಾಂಡನ್ನೂ ನಿಲ್ಲಿಸಿದ. ಜ್ಯಾಕೊಂದನ್ನೇ ನಂಬಿ ಕಾರಿನಡಿ ಕೈ ಹಾಕಬಾರದು. ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರನ್ನು ಬಿಚ್ಚಿ, ರಬ್ಬರು ಕೊಳವೆಗೆ ಭಾರ ಬೀಳದಂತೆ ತಂತಿಯಿಂದ ಮೇಲಕ್ಕೆ ಕಟ್ಟಿದ. ಹಳೆಯ ಪ್ಯಾಡುಗಳು ಸವೆದು ಮೂರು ಮಿಲಿಮೀಟರಿಗೆ ಬಂದಿದ್ದವು. ಧೂಳನ್ನು ಬಾಯಿಂದ ಊದಲು ಹೊರಟ ನನ್ನನ್ನು ತಡೆದು ಒದ್ದೆ ಬಟ್ಟೆ ಕೊಟ್ಟ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲವಂತೆ. ಹೊಸ ಪ್ಯಾಡು ದಪ್ಪ. ಅದು ಕೂರಬೇಕಾದರೆ ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಹಾಗೆ ಒತ್ತಿ, ಎರಡೂ ಕಡೆ ಮುಗಿಸಿ, ಗಾಲಿ ತೊಡಿಸಿ, ಕಾರನ್ನು ಇಳಿಸಿ, ಕೈ ತೊಳೆಯಲು ಮೇಲೆ ಹೋದ.

ಅಷ್ಟರಲ್ಲಿ ಬಂತು ನೀರಿನ ಟ್ಯಾಂಕರು. ಟ್ಯಾಂಕರನ್ನು ಕಾಯಿಸಿದರೆ ಸೊಸೈಟಿಯಲ್ಲಿ ಉಳಿಗಾಲವುಂಟೇ? ಕಾವಲುಗಾರ ಅವಸರ ಮಾಡಿದ. ನಾನು ದೊಡ್ಡ ಮನುಷ್ಯನಂತೆ ಕಾರೊಳಗೆ ಕುಳಿತು, ಇಟ್ಟಿಗೆ ತೆಗೆಸಿ, ಹಿಂದಕ್ಕೆ ಬಿಟ್ಟೆ. ನಮ್ಮ ಅಂಗಳ ಹಿಂಬದಿಗೆ ಇಳಿಜಾರು. ಪೆಡಲನ್ನು ಒತ್ತಿದೆ. ಕಾಲು ನೆಲಕ್ಕೇ ಹೋಯಿತು! ಮತ್ತೆ ಒತ್ತುವ ಬುದ್ಧಿಯೂ ಹೊಳೆಯಲಿಲ್ಲ. ಕೈ ಮಾತ್ರ ತಾನಾಗಿ ಹ್ಯಾಂಡ್‌ಬ್ರೇಕನ್ನು ಎಳೆಯಿತು. ಅದಕ್ಕೆ ಬೇರೆಯೇ ತಂತಿ. ಹಿಂದಿನ ಗಾಲಿಗಳನ್ನು ಹಿಡಿಯಿತು. ಇಳಿದು ನೋಡಿದರೆ, ಮಕ್ಕಳ ಒಂದು ಪುಟ್ಟ ಸೈಕಲ್ಲು ಬಂಪರಿನಿಂದ ಗೇಣು ದೂರದಲ್ಲಿತ್ತು. ಮಗು ಅದರ ಮೇಲಿರಲಿಲ್ಲ.

ಪಿಸ್ಟನ್ನು ಹಿಂದೆ ಸರಿದಾಗ ಪ್ಯಾಡಿಗೂ ಅದಕ್ಕೂ ನಡುವೆ ತೆರಪು ಉಳಿಯುತ್ತದೆ. ಮೊದಲ ಕೆಲವು ಒತ್ತುಗಳು ಆ ತೆರಪನ್ನು ತುಂಬುವುದಕ್ಕೇ ಸಾಕು. ಕಾರು ನಿಂತಲ್ಲೇ ಪೆಡಲನ್ನು ಮತ್ತೆ ಮತ್ತೆ ತುಳಿದು ಅದು ಗಟ್ಟಿಯಾದ ಮೇಲೆ ಮಾತ್ರ ಚಲಿಸಬೇಕು. ಮಗ ಕೆಳಗಿಳಿದು ಬಂದವನು ಸೈಕಲ್ಲನ್ನು ನೋಡಿದ, ನನ್ನ ಮುಖ ನೋಡಿದ. "ತಪ್ಪು ನನ್ನದಪ್ಪಾ. ಬೀಗದ ಕೈ ಅಲ್ಲೇ ಬಿಟ್ಟು ಹೋಗಬಾರದಿತ್ತು" ಎಂದ. ಕೇಳದೆ ಕೂತ ತಪ್ಪು ನನ್ನದೆಂದು ಹೇಳಲು ನನಗೆ ಸಂಜೆಯವರೆಗೆ ಬೇಕಾಯಿತು.

ಮಧ್ಯಾಹ್ನ ಬ್ರೇಕಿನ ದ್ರವವನ್ನೂ ಬದಲಿಸಿದೆವು. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲವನ್ನು ಕೇಳಬೇಕೇ! ಡಾಟ್ 4 ಎಂಬ ದ್ರವ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಕೂಡದು. ತೇವ ಹೀರಿದ್ದಕ್ಕೆ ಈ ಮಿತಿ 155 ಮಾತ್ರ. ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ಮತ್ತೆ ಮೆತ್ತಗಾಗುತ್ತದೆ, ಅದೂ ಓಟದ ನಡುವೆ. ಇದು ಇಬ್ಬರ ಕೆಲಸ. ಅವನು ಗಾಲಿಯ ಬಳಿ, ನಾನು ಪೆಡಲಿನ ಮೇಲೆ. "ಒತ್ತಿ... ಹಿಡಿದುಕೊಳ್ಳಿ... ಈಗ ಬಿಡಿ." ಅವನು ಬಿಡಿ ಎನ್ನುವ ತನಕ ನಾನು ಕಾಲು ತೆಗೆಯಲಿಲ್ಲ.

ಮರುದಿನ ನಸುಕಿನಲ್ಲಿ ಖಾಲಿ ರಸ್ತೆಯಲ್ಲಿ ಅರುವತ್ತರಿಂದ ಹದಿನೈದಕ್ಕೆ ಹಲವು ಸಲ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ, ಹೊಸ ಪ್ಯಾಡನ್ನು ಪಳಗಿಸಿದ. ಗುರುವಾರ ಹುಬ್ಬಳ್ಳಿಯ ದಾರಿ ಹಿಡಿದ; ರಾತ್ರಿ ಅಲ್ಲಿ ಅವನ ಸೋದರತ್ತೆಯ ಮನೆಯಲ್ಲಿ ವಸತಿ. ಹೊರಡುವ ಮೊದಲು ಅವನ ತಾಯಿ ಕಾರಿನ ಕಿಟಕಿಗೆ ಬಾಗಿ, "ಪೆಡಲು ಒತ್ತಿ ನೋಡಿದೆಯೇನೋ?" ಎಂದು ಕೇಳಿದಳು. ಅವಳಿಗೆ ಟ್ಯಾಂಕರಿನ ಸಂಗತಿ ಯಾರು ಹೇಳಿದರೋ ನಾನರಿಯೆ.