ನೀಲಿ ಮೀನು ಹಳದಿಯಾಯಿತೇಕೆ?

ಸೋದರಿಯೊಬ್ಬರ ಪತ್ರ ಬಂದಿದೆ. "ಮಗ ಹಟ ಹಿಡಿದನೆಂದು ಗಾಜಿನ ತೊಟ್ಟಿ ತರಿಸಿ ಆರು ನೀಲಿ ಮೀನು ಬಿಟ್ಟೆವು. ಮೈಮೇಲೆ ಬೆನ್ನಿನಿಂದ ಹೊಟ್ಟೆಗೆ ಇಳಿಯುವ ಕಪ್ಪು ಪಟ್ಟೆಗಳಿದ್ದವು. ಅಂಗಡಿಯವನು 'ಸಿಕ್ಲಿಡ್' ಅಂದನೇ ಹೊರತು ಬೇರೇನೂ ಹೇಳಲಿಲ್ಲ. ಏಳೆಂಟು ತಿಂಗಳಾದ ಮೇಲೆ ಒಂದು ಮೀನು ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿದೆ. ಮನೆಯವರು 'ಬೇರೆ ಜಾತಿ ಬೆರೆಸಿ ಮೋಸ ಮಾಡಿದ್ದಾನೆ' ಅಂತಾರೆ. ಅತ್ತೆಯವರು 'ಕಾಮಾಲೆ ಬಂದಿರಬೇಕು, ತೆಗೆದುಬಿಡು' ಅಂತಾರೆ. ಆ ಹಳದಿ ಮೀನು ಉಳಿದವನ್ನು ಅಟ್ಟಾಡಿಸಿ ರೆಕ್ಕೆ ಹರಿಯುತ್ತಿದೆ. ಒಂದು ಸತ್ತೂ ಹೋಯಿತು. ಇದು ಯಾವ ಮೀನು? ನಾನೇನು ಮಾಡಲಿ?"

ತಾಯಿ, ಪಟ್ಟೆಯ ವಿಷಯ ಬರೆದಿದ್ದು ಒಳ್ಳೆಯದೇ ಆಯಿತು. ನೀವು ಕೊಟ್ಟ ವಿವರ ಕೆನ್ಯಿ ಎಂಬ ಮೀನಿಗೆ ಚೆನ್ನಾಗಿ ಹೊಂದುತ್ತದೆ. ಆಫ್ರಿಕಾದ ಮಲಾವಿ ಸರೋವರದಲ್ಲಿ, ನೀರಿನೊಳಗಿನ ಬಂಡೆಗಳ ಸಂದಿಯಲ್ಲಿ ಬಾಳುವ ಮೀನಿದು. ವಿಜ್ಞಾನಿಗಳು ಇದಕ್ಕೆ ಶಾಸ್ತ್ರೀಯ ಹೆಸರು ಇಟ್ಟದ್ದು 1977ರಲ್ಲಿ. ಮರಿಯಾಗಿದ್ದಾಗ ಗಂಡು, ಹೆಣ್ಣು ಎರಡೂ ನೀಲಿ. ಹೆಣ್ಣು ಸಾಮಾನ್ಯವಾಗಿ ನೀಲಿಯಾಗಿಯೇ ಉಳಿಯುತ್ತದೆ. ಗಂಡು ಪ್ರಾಯಕ್ಕೆ ಬಂದಂತೆ ಹಳದಿಗೆ ತಿರುಗುತ್ತದೆ. ಹಾಗಾಗಿ ಇಲ್ಲಿ ಮೋಸವೂ ಇಲ್ಲ, ಕಾಮಾಲೆಯೂ ಇಲ್ಲ. ನಿಮ್ಮ ಮನೆಯ ಹುಡುಗನಿಗೆ ಮೀಸೆ ಮೂಡಿದಂತೆ, ಅಷ್ಟೇ.

ಬಣ್ಣ ಹೀಗೆ ಬದಲಾಗುವುದು ಹೇಗೆ ಅಂತೀರಾ? ಮೀನಿನ ಚರ್ಮದಲ್ಲಿ ಕಪ್ಪು, ಹಳದಿ ಬಣ್ಣದ ಕಣಗಳನ್ನು ತುಂಬಿಕೊಂಡ ಜೀವಕೋಶಗಳಿವೆ. ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುವ ಕೋಶಗಳೂ ಇವೆ. ನಮಗೆ ಕಾಣುವ ನೀಲಿ ಬಹುಮಟ್ಟಿಗೆ ಈ ಬೆಳಕಿನ ಆಟ. ಬಣ್ಣದ ಕಣಗಳು ಕೋಶದ ನಡುವೆ ಮುದುಡಿಕೊಂಡರೆ ಮೈ ತಿಳಿಯಾಗುತ್ತದೆ, ಹರಡಿದರೆ ಗಾಢವಾಗುತ್ತದೆ. ರಂಗೋಲಿ ಪುಡಿಯನ್ನು ಒಂದೇ ಕಡೆ ಸುರಿದರೆ ಚುಕ್ಕೆ, ಕೈಯಿಂದ ಸವರಿದರೆ ನೆಲವೆಲ್ಲ ಬಣ್ಣ, ಅಲ್ಲವೇ? ಹಾಗೆಯೇ ಇದು. ಹೆದರಿಕೆ, ಸಿಟ್ಟು, ಸೋಲು ಇವುಗಳಿಂದ ಆಗುವ ಬದಲಾವಣೆ ನಿಮಿಷಗಳಲ್ಲಿ ಬಂದು ಹೋಗುತ್ತದೆ. ಪ್ರಾಯದ ಬದಲಾವಣೆಗೆ ವಾರಗಳು, ತಿಂಗಳುಗಳು ಬೇಕು.

ಆದ್ದರಿಂದಲೇ ಸಿಕ್ಲಿಡ್ ಮೀನನ್ನು ಬಣ್ಣ ನೋಡಿ ಗುರುತಿಸಲು ಹೋಗಬಾರದು. ಅದೇ ಸರೋವರದ ಔರಾಟಸ್ ಮೀನನ್ನು ನೋಡಿ. ಮರಿಗಳೂ ಹೆಣ್ಣುಗಳೂ ಹಳದಿ ಮೈಯ ಮೇಲೆ ಕಪ್ಪು-ಬಿಳಿ ಗೆರೆ ಎಳೆದಂತೆ ಚೆಂದ. ಬಲಿತ ಗಂಡೋ ಕಾಡಿಗೆ ಕಪ್ಪು! ಗಂಡೇ ಇಲ್ಲದ ತೊಟ್ಟಿಯಲ್ಲಿ ಜೋರಿನ ಹೆಣ್ಣೊಂದು ಕಪ್ಪಗಾಗಿ ಯಜಮಾನಿಕೆ ನಡೆಸುವುದೂ ಉಂಟು. ದಕ್ಷಿಣ ಅಮೆರಿಕದ ಆಸ್ಕರ್ ಮರಿಗೆ ಕಪ್ಪು ಮೈಮೇಲೆ ಬಿಳಿ ಅಂಕುಡೊಂಕು ಗೆರೆಗಳು. ದೊಡ್ಡದಾದ ಮೇಲೆ ಆ ವೇಷವೇ ಬೇರೆ. ಇನ್ನು ವಾಸ್ತುವಿಗೆಂದು ಕೆಲವರು ಇಟ್ಟುಕೊಳ್ಳುವ ಹಣೆಯುಬ್ಬಿನ ಫ್ಲವರ್‌ಹಾರ್ನ್ ಒಂದು ಜಾತಿಯೇ ಅಲ್ಲ. ಬೇರೆ ಬೇರೆ ಸಿಕ್ಲಿಡ್‌ಗಳನ್ನು ಕೂಡಿಸಿ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಹುಟ್ಟಿಸಿದ ಬೆರಕೆ ಅದು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಸೀರೆ ಕೊಳ್ಳುವಾಗ ನಾವು ಬಣ್ಣಕ್ಕೆ ಮರುಳಾಗದೆ ನೇಯ್ಗೆ, ಅಂಚು ನೋಡುವುದಿಲ್ಲವೇ? ಇಲ್ಲೂ ಹಾಗೇ.

ಮೊದಲು ಪಟ್ಟೆಯ ದಿಕ್ಕು ನೋಡಿ. ಕೆನ್ಯಿಗೆ ಬೆನ್ನಿನಿಂದ ಹೊಟ್ಟೆಗೆ ಇಳಿಯುವ ಪಟ್ಟೆ. ಔರಾಟಸ್‌ಗೆ ತಲೆಯಿಂದ ಬಾಲಕ್ಕೆ ಓಡುವ ಗೆರೆ. ಬಣ್ಣ ಬದಲಾದರೂ ದಿಕ್ಕು ಬದಲಾಗದು. ನಿಮ್ಮ ಹಳದಿ ಮೀನನ್ನು ಬೆಳಕಿನಲ್ಲಿ ದಿಟ್ಟಿಸಿ ನೋಡಿದರೆ, ಹಳೆಯ ಪಟ್ಟೆಗಳು ಮಸುಕಾಗಿ ಕಂದು ಛಾಯೆಯಲ್ಲಿ ಕಾಣಬಹುದು. ಎರಡನೆಯದು ಮೈಕಟ್ಟು, ಬಾಯಿಯ ಆಕಾರ. ಮೂರನೆಯದು ರೆಕ್ಕೆಗಳ ಮೇಲಿನ ಗುರುತು. ನಾಲ್ಕನೆಯದು ಅದರ ನಡತೆ. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಯಾವಾಗ ಏನು ಬದಲಾಯಿತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇನ್ನೊಂದು ಎಚ್ಚರಿಕೆ. ಅಂಗಡಿಗಳಲ್ಲಿ ಎಲ್ಲೋ ಲ್ಯಾಬ್ ಎಂಬ ನಿಂಬೆಹಣ್ಣಿನ ಬಣ್ಣದ ಮೀನು ಸಿಗುತ್ತದೆ. ಅದೂ ಮಲಾವಿಯದೇ. ಹಳದಿ ಕೆನ್ಯಿಯನ್ನು ಅದೇ ಎಂದು ತಿಳಿದು, ಜೊತೆಗಿರಲಿ ಅಂತ ಇನ್ನೆರಡು ತಂದು ಬಿಡುವವರಿದ್ದಾರೆ. ಎಲ್ಲೋ ಲ್ಯಾಬ್‌ನಲ್ಲಿ ಗಂಡು, ಹೆಣ್ಣು ಎರಡೂ ಹಳದಿ. ಮೈಮೇಲೆ ಅಡ್ಡಪಟ್ಟೆ ಇರುವುದಿಲ್ಲ, ಬೆನ್ನ ರೆಕ್ಕೆಯ ಉದ್ದಕ್ಕೂ ಕಪ್ಪು ಪಟ್ಟಿ ಇರುತ್ತದೆ. ಸ್ವಭಾವ ಸೌಮ್ಯ. ಕೆನ್ಯಿ ಗಂಡಿನ ಕೈಗೆ ಸಿಕ್ಕರೆ ಪಾಪ, ಅದರ ಪಾಡು ಹೇಳತೀರದು.

ಹೆಸರು ತಿಳಿದು ಏನಾಗಬೇಕು ಅನ್ನಬೇಡಿ. ಹೆಸರು ತಿಳಿದರೆ ಊಟ, ನೀರು, ಜಾಗ ಮೂರೂ ತಿಳಿದಂತೆ. ಎರಡಂಗುಲದ ಆಸ್ಕರ್ ಮರಿ ಒಂದಡಿ ಬೆಳೆಯುತ್ತದೆ; ಕೆನ್ಯಿ ನಾಲ್ಕೈದು ಅಂಗುಲಕ್ಕೆ ನಿಲ್ಲುತ್ತದೆ. ಕೆನ್ಯಿ ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಮೀನು. ಪ್ರೀತಿಯಿಂದ ಮಾಂಸದ ಚೂರು ಹಾಕಿದರೆ ಹೊಟ್ಟೆಯುಬ್ಬರ ಬಂದು ಸಾಯಬಹುದು. ಸಿಕ್ಲಿಡ್‌ಗೆಂದು ಮಾರುವ ಸೊಪ್ಪು-ಪಾಚಿ ಬೆರೆತ ಆಹಾರ ಒಳ್ಳೆಯದು. ವಾರಕ್ಕೆರಡು ಸಲ, ಉಪ್ಪು ಹಾಕದೆ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯನ್ನೋ, ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್ ಎಲೆಯನ್ನೋ ಕೊಡಿ. ಮಲಾವಿಯ ನೀರು ಗಡಸು. ಬಯಲುಸೀಮೆಯ ಬಹಳ ಕಡೆ ಬೇಳೆ ಬೇಯಲೊಲ್ಲದು ಅಂತ ನಾವು ಶಪಿಸುವ ಬೋರ್‌ವೆಲ್ ನೀರು ಈ ಮೀನಿಗೆ ಹಿಡಿಸುತ್ತದೆ ನೋಡಿ!

ಈಗ ನಿಮ್ಮ ತೊಟ್ಟಿಯ ಜಗಳಕ್ಕೆ ಬರೋಣ. ರೆಕ್ಕೆ ಹರಿದ ಮೀನುಗಳನ್ನು ಇವತ್ತೇ ಬೇರೆ ತೊಟ್ಟಿಗೆ ಹಾಕಿ. ಗಾಯ ಮಾಯುವವರೆಗೆ ಗಂಡಿನ ಕಣ್ಣಿಗೆ ಬೀಳಿಸಬೇಡಿ. ದೊಡ್ಡ ತೊಟ್ಟಿಯ ಕಲ್ಲುಗಳನ್ನು ಕದಲಿಸಿ ಹೊಸದಾಗಿ ಜೋಡಿಸಿ, ಅಡಗಲು ಸಂದಿಗಳು ಬೇಕಾದಷ್ಟಿರಲಿ. ಕಲ್ಲು ತಳದಲ್ಲಿ ಭದ್ರವಾಗಿ ಕೂತಿರಬೇಕು. ಜಾಗ ಬದಲಾದರೆ ಗಂಡಿಗೆ "ಇದು ನನ್ನದು" ಅನ್ನುವ ಗರ್ವ ಕೊಂಚ ಇಳಿಯುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣಾದರೂ ಇದ್ದರೆ ಅದರ ಕಾಟ ಒಬ್ಬಳ ಮೇಲೇ ಬೀಳುವುದಿಲ್ಲ. ತೊಟ್ಟಿ ನಾಲ್ಕಡಿ ಉದ್ದವಾದರೂ ಬೇಕು. ಅಷ್ಟು ಜಾಗವಿಲ್ಲದಿದ್ದರೆ ಗಂಡನ್ನು ಅಂಗಡಿಗೆ ಹಿಂತಿರುಗಿಸುವುದೇ ಮೇಲು.

ನೀಲಿ ಮೀನೊಂದು ಗಂಟಲು ಉಬ್ಬಿಸಿಕೊಂಡು ಊಟ ಬಿಟ್ಟರೆ ಗಾಬರಿಯಾಗಬೇಡಿ. ಈ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಉಪವಾಸವಿರುತ್ತಾಳೆ. ನಿಜವಾದ ರೋಗದ ಲಕ್ಷಣ ಬೇರೆ. ಬಣ್ಣ ಕಳೆಗುಂದುವುದರ ಜೊತೆಗೆ ರೆಕ್ಕೆ ಮಡಚಿಕೊಂಡು ಮೂಲೆ ಸೇರುವುದು, ನೀರಿನ ಮೇಲೆ ಬಂದು ಏದುಸಿರು ಬಿಡುವುದು, ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ. ಇವು ಕಂಡರೆ ಮೊದಲು ನೀರಿನ ಕಡೆ ಗಮನ ಕೊಡಿ. ಕಾಲು ಭಾಗ ನೀರು ತೆಗೆದು, ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟ ನೀರನ್ನು ತುಂಬಿಸಿ.

ಕೊನೆಯ ಮಾತು. ಬೇಡವಾದ ಮೀನನ್ನು ಪುಣ್ಯ ಬರುತ್ತದೆಂದು ಊರ ಕೆರೆಗೋ ಹೊಳೆಗೋ ಬಿಡಬೇಡಿ. ಪೇಟೆಯಲ್ಲಿ ಜಿಲೇಬಿ ಮೀನು ಎಂದು ಮಾರುವ ತಿಲಾಪಿಯಾ ಕೂಡ ಆಫ್ರಿಕಾದ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದ ಅದು ಕೆರೆಕಟ್ಟೆಗಳಲ್ಲೆಲ್ಲ ಹಬ್ಬಿ, ಮೊದಲಿದ್ದ ಮೀನುಗಳ ಅನ್ನಕ್ಕೆ ಕೈ ಹಾಕಿದೆ. ನಮ್ಮ ಕರಾವಳಿಯ ನದಿಗಳಲ್ಲಿ ನಮ್ಮದೇ ಒಂದು ಸಿಕ್ಲಿಡ್ ಇದೆ. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಕೆನರಾ ಸೀಮೆಯ ಹೆಸರನ್ನೇ ಸೇರಿಸಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಕರೆದರು. ದೂರದಿಂದ ಬಂದ ನೆಂಟನನ್ನು ತೊಟ್ಟಿಯಲ್ಲಿ ಚೆನ್ನಾಗಿ ಸಾಕೋಣ. ಇಲ್ಲಿಯ ಹೊಳೆ ಇಲ್ಲಿಯ ಮೀನಿಗಿರಲಿ.