ಕಾಡಿನ ಹೆಸರಿನ ಹಣ ಎಲ್ಲಿ ನಿಂತಿತು?

ಕಾಡಿಗೆ ಮನೆ ನಂಬರು ಇಲ್ಲ. ಆದ್ದರಿಂದ ಅದರ ಮೇಲೆ ಪಂಚಾಯಿತಿ ತೆರಿಗೆಯೂ ಇಲ್ಲ. ಗ್ರಾಮ ಪಂಚಾಯಿತಿಯ ಸ್ವಂತ ವರಮಾನದ ಮುಖ್ಯ ಮೂಲವೆಂದರೆ ಕಟ್ಟಡ ಮತ್ತು ನಿವೇಶನಗಳ ಮೇಲಿನ ತೆರಿಗೆ. ಹೆದ್ದಾರಿಯ ಬದಿಯಲ್ಲಿ ಗೋದಾಮು, ಕಾರ್ಖಾನೆ, ಬಡಾವಣೆಗಳಿರುವ ಪಂಚಾಯಿತಿಗೆ ಬರುವ ಹಣ, ಮುಕ್ಕಾಲು ಪಾಲು ಕಾಡೇ ಇರುವ ಮಲೆನಾಡಿನ ಪಂಚಾಯಿತಿಗೆ ಎಲ್ಲಿಂದ ಬರಬೇಕು? ಖರ್ಚಾದರೋ ಇಲ್ಲಿಯೇ ಹೆಚ್ಚು. ಮನೆಗಳು ದೂರದೂರ, ರಸ್ತೆ ಉದ್ದ, ಮಳೆಗಾಲ ಮುಗಿಯುವಷ್ಟರಲ್ಲಿ ಒಂದೆರಡು ಮೋರಿಗಳಾದರೂ ಕೊಚ್ಚಿಹೋಗಿರುತ್ತವೆ. ಕಾಲುಸಂಕಕ್ಕೆ ಅರ್ಜಿ ಕೊಟ್ಟವರಿಗೆ ದೊರೆಯುವ ಉತ್ತರ ‘ಅನುದಾನ ಇಲ್ಲ’ ಎಂಬುದೇ.

ಈ ಅನ್ಯಾಯವನ್ನು ದೆಹಲಿಯು ಗುರುತಿಸಿಯೇ ಇಲ್ಲ ಎನ್ನಲಾಗದು. ಕೇಂದ್ರದ ತೆರಿಗೆ ವರಮಾನವನ್ನು ರಾಜ್ಯಗಳಿಗೆ ಹಂಚುವ ಸೂತ್ರವನ್ನು ಹಣಕಾಸು ಆಯೋಗವು ಶಿಫಾರಸು ಮಾಡುತ್ತದೆ. ಹನ್ನೆರಡನೆಯ ಆಯೋಗವು ೨೦೦೫–೧೦ರ ಅವಧಿಗೆ ಕಾಡಿನ ನಿರ್ವಹಣೆಗೆಂದು ೧,೦೦೦ ಕೋಟಿ ರೂಪಾಯಿಯನ್ನೂ, ಹದಿಮೂರನೆಯದು ೨೦೧೦–೧೫ಕ್ಕೆ ೫,೦೦೦ ಕೋಟಿಯನ್ನೂ ಪ್ರತ್ಯೇಕ ಅನುದಾನವಾಗಿ ಶಿಫಾರಸು ಮಾಡಿದವು. ವೈ.ವಿ. ರೆಡ್ಡಿಯವರ ಅಧ್ಯಕ್ಷತೆಯ ಹದಿನಾಲ್ಕನೆಯ ಆಯೋಗ ದಾರಿಯನ್ನೇ ಬದಲಿಸಿತು. ೨೦೧೫ರಿಂದ ರಾಜ್ಯಗಳ ತೆರಿಗೆ ಪಾಲನ್ನು ನಿರ್ಧರಿಸುವ ಸೂತ್ರದೊಳಗೇ ಅರಣ್ಯಕ್ಕೆ ಶೇ. ೭.೫ರಷ್ಟು ತೂಕ ದೊರೆಯಿತು. ಹದಿನೈದನೆಯ ಆಯೋಗ ಅದನ್ನು ಶೇ. ೧೦ಕ್ಕೆ ಏರಿಸಿತು. ಜೋನಾ ಬುಷ್ ಮತ್ತು ಅನಿತ್ ಮುಖರ್ಜಿ ಎಂಬ ಅರ್ಥಶಾಸ್ತ್ರಜ್ಞರ ಅಂದಾಜಿನಂತೆ, ೨೦೧೫ರ ಸೂತ್ರದಿಂದ ಒಂದು ಹೆಕ್ಟೇರು ಕಾಡಿನ ಲೆಕ್ಕದಲ್ಲಿ ವರ್ಷಕ್ಕೆ ೧೭೪ರಿಂದ ೩೦೩ ಡಾಲರ್ ಹಣ ರಾಜ್ಯಗಳಿಗೆ ಹರಿಯುವಂತಾಯಿತು; ಆಗಿನ ದರದಲ್ಲಿ ಸುಮಾರು ೧೧ ಸಾವಿರದಿಂದ ೨೦ ಸಾವಿರ ರೂಪಾಯಿ. ಓದುಗರು ತಮ್ಮ ಊರಿನ ಕಾಡಿನ ವಿಸ್ತೀರ್ಣದಿಂದ ಇದನ್ನು ಗುಣಿಸಿ ನೋಡಬಹುದು.

ಈ ಹಣ ರಾಜ್ಯಗಳ ನಡತೆಯನ್ನು ಬದಲಿಸಿತೇ? ಇದೇ ಇಬ್ಬರು ಅವನಿ ಕಪೂರ್ ಅವರೊಡಗೂಡಿ ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಕೇಳಿತು. ರಾಜ್ಯಗಳ ಅರಣ್ಯ ಬಜೆಟ್ಟು ಒಟ್ಟಾರೆಯಾಗಿ ಹೆಚ್ಚಿತ್ತು, ನಿಜ. ಆದರೆ ಹೊಸ ಸೂತ್ರದಿಂದ ಹೆಚ್ಚು ಲಾಭ ಪಡೆದ ರಾಜ್ಯಗಳು ಅರಣ್ಯಕ್ಕೆ ಹೆಚ್ಚು ತೆಗೆದಿಟ್ಟವು ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ತೆರಿಗೆ ಪಾಲಿಗೆ ಯಾವ ಷರತ್ತೂ ಇಲ್ಲ. ಅದು ಖಜಾನೆ ಸೇರಿದೊಡನೆ ಕಾಡಿನ ಗುರುತನ್ನು ಕಳೆದುಕೊಳ್ಳುತ್ತದೆ. ಮೇಲಾಗಿ ೨೦೧೫ರ ಸೂತ್ರ ಅವಲಂಬಿಸಿದ್ದು ೨೦೧೩ರ ಅರಣ್ಯ ಸಮೀಕ್ಷೆಯನ್ನು. ಆ ಐದು ವರ್ಷಗಳಲ್ಲಿ ಕಾಡು ಉಳಿಸಿದರೂ ಕಡಿದರೂ ಆ ಅವಧಿಯ ಪಾಲಿನಲ್ಲಿ ಒಂದು ಪೈಸೆಯೂ ವ್ಯತ್ಯಾಸವಾಗುವಂತಿರಲಿಲ್ಲ. ಕರ್ನಾಟಕದ ಹಣಕಾಸು ಇಲಾಖೆಗೆ ಇನ್ನೊಂದು ನೆಪವೂ ಉಂಟು, ಅದು ಪೂರ್ತಿ ಸುಳ್ಳಲ್ಲ. ಅರಣ್ಯದ ತೂಕ ಏರಿದರೂ ಬೇರೆ ಮಾನದಂಡಗಳಿಂದಾಗಿ ರಾಜ್ಯದ ಒಟ್ಟು ಪಾಲು ಶೇ. ೪.೭೧೩ರಿಂದ ೨೦೨೧–೨೬ರ ಅವಧಿಗೆ ಶೇ. ೩.೬೪೭ಕ್ಕೆ ಇಳಿಯಿತು. ‘ಒಟ್ಟಿನಲ್ಲಿ ನಾವೇ ಕಳೆದುಕೊಂಡಿದ್ದೇವೆ, ಕಾಡಿನ ಪಾಲು ಎಲ್ಲಿಂದ ತರೋಣ’ ಎಂದು ಅವರು ಕೇಳಬಹುದು. ಆದರೆ ಕಾಡು ಇಲ್ಲದಿದ್ದರೆ ಬಂದದ್ದು ಇನ್ನೂ ಕಡಿಮೆಯಾಗುತ್ತಿತ್ತು ಎಂಬುದೂ ಅಷ್ಟೇ ನಿಜವಲ್ಲವೇ?

ಸಾರ್ವಜನಿಕ ಹಣಕಾಸಿನ ಸಂಶೋಧಕರು ಈ ನಡತೆಯ ಬಗ್ಗೆ ದೀರ್ಘಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಸ್ಥಳೀಯ ಸರ್ಕಾರಕ್ಕೆ ಬಂದ ಷರತ್ತಿಲ್ಲದ ಅನುದಾನವೂ, ಅಷ್ಟೇ ಹಣ ಅಲ್ಲಿನ ಜನರ ಕೈಗೆ ಬಂದದ್ದೂ ಒಂದೇ ಪರಿಣಾಮ ಬೀರಬೇಕು ಎಂದು ೧೯೭೧ರಲ್ಲಿ ಬ್ರಾಡ್‌ಫೋರ್ಡ್ ಮತ್ತು ಓಟ್ಸ್ ತರ್ಕಿಸಿದರು. ಅಮೆರಿಕದ ಅಂಕಿ ಅಂಶಗಳನ್ನು ಪರೀಕ್ಷಿಸಿದ ಗ್ರಾಮ್‌ಲಿಕ್ ಮುಂತಾದವರಿಗೆ ಕಂಡದ್ದೇ ಬೇರೆ. ಸರ್ಕಾರದ ಕೈಗೆ ಬಿದ್ದ ಹಣ ಬಹುಮಟ್ಟಿಗೆ ಸರ್ಕಾರದ ಖರ್ಚಿನಲ್ಲಿಯೇ ಉಳಿಯುತ್ತಿತ್ತು. ಆರ್ಥರ್ ಓಕುನ್ ಇದನ್ನು ನೊಣ ಹಿಡಿಯುವ ಅಂಟುಕಾಗದಕ್ಕೆ ಹೋಲಿಸಿದರು: ಹಣ ಮೊದಲು ತಾಗಿದಲ್ಲಿಯೇ ಅಂಟಿಕೊಳ್ಳುತ್ತದೆ. ಅವರ ಮಾತನ್ನು ನಾವು ಒಂದು ಹೆಜ್ಜೆ ಮುಂದಕ್ಕೊಯ್ಯುತ್ತೇವೆ. ಕಾಡಿನ ಹೆಸರಿನ ಹಣ ಮೊದಲು ತಾಗುವುದು ವಿಧಾನಸೌಧವನ್ನು.

ಹಣ ಊರಿಗೆ ಬಂದರೂ ಸಾಲದು, ಅಳತೆಯೂ ಸರಿಯಿರಬೇಕು. ಭಾರತೀಯ ಅರಣ್ಯ ಸಮೀಕ್ಷೆಯ ಉಪಗ್ರಹವು ಮರಗಳ ನೆತ್ತಿ ನೆಲವನ್ನು ಎಷ್ಟು ಮುಚ್ಚಿದೆ ಎಂಬುದನ್ನು ಮಾತ್ರ ಕಾಣುತ್ತದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಶೇ. ೧೦ ಮುಚ್ಚಿದ್ದರೆ ಅರಣ್ಯ ಹೊದಿಕೆ, ಶೇ. ೪೦ ದಾಟಿದರೆ ದಟ್ಟ. ಮರ ಯಾವುದು, ಒಡೆಯ ಯಾರು ಎಂದು ಅದು ಕೇಳದು. ಬಲಿತ ಅಕೇಶಿಯಾ ನೆಡುತೋಪು ದಟ್ಟ ಕಾಡಾಗಬಲ್ಲದು. ಕುದುರೆಮುಖದ ಶೋಲಾಗಳ ನಡುವಿನ ಹುಲ್ಲುಗಾವಲು, ಹೊಳೆಗಳಿಗೆ ನೀರುಣಿಸುವ ಸ್ಪಂಜು, ಈ ಲೆಕ್ಕದಲ್ಲಿ ಕಾಡೇ ಅಲ್ಲ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟದ ಪಾಡನ್ನೂ ನೋಡಿ. ಅಡಿಕೆ ತೋಟದ ಗೊಬ್ಬರಕ್ಕಾಗಿ ರೈತ ತಲೆಮಾರುಗಳಿಂದ ಮತ್ತಿ, ಕಿಂದಳ, ಹೊನ್ನೆಗಳನ್ನು ಬುಡಸಹಿತ ಉಳಿಸಿ ಸೊಪ್ಪನ್ನಷ್ಟೇ ಸವರಿಕೊಂಡು ಬಂದಿದ್ದಾನೆ. ಸವರಿದ ಮರದ ನೆತ್ತಿ ತೆಳುವಾಗುತ್ತದೆ. ಹದಿನೈದನೆಯ ಆಯೋಗ ಲೆಕ್ಕಕ್ಕೆ ತೆಗೆದುಕೊಂಡದ್ದು ದಟ್ಟ ಕಾಡನ್ನು ಮಾತ್ರವಾದ್ದರಿಂದ, ತೆಳುವಾದ ಬೆಟ್ಟಕ್ಕೆ ದೊರೆಯುವ ಅಂಕ ಸೊನ್ನೆ. ಅದನ್ನೇ ಬೋಳಿಸಿ ಅಕೇಶಿಯಾ ನೆಟ್ಟಿದ್ದರೆ ಪೂರ್ಣ ಅಂಕ. ಕೃಷಿ ವಿಜ್ಞಾನ ಕಲಿತವನಿಗೆ ಈ ಲೆಕ್ಕ ಒಪ್ಪಿಗೆಯಾಗದು.

ನಮ್ಮಂಥದೇ ಕಷ್ಟವನ್ನು ಬ್ರೆಜಿಲ್ ದೇಶದ ಪರಾನಾ ರಾಜ್ಯ ಎದುರಿಸಿತ್ತು. ಅಲ್ಲಿ ರಾಜ್ಯದ ಮಾರಾಟ ತೆರಿಗೆಯ ಕಾಲುಭಾಗ ಪುರಸಭೆಗಳಿಗೆ ಸೇರುತ್ತದೆ. ಅದರ ದೊಡ್ಡ ಪಾಲು ಕಾರ್ಖಾನೆ, ವ್ಯಾಪಾರಗಳಿದ್ದಲ್ಲಿಗೆ ಹೋಗುತ್ತಿತ್ತು. ರಾಜಧಾನಿ ಕುರಿಚೀಬಾಕ್ಕೆ ಕುಡಿಯುವ ನೀರು ಕೊಡುವ ಪಿರಾಕ್ವಾರಾದಂಥ ಊರು, ಭೂಭಾಗದ ಬಹುಪಾಲನ್ನು ಜಲಾನಯನಕ್ಕೆ ಮೀಸಲಿಟ್ಟು, ಕೈಗಾರಿಕೆಗೆ ಅವಕಾಶವಿಲ್ಲದೆ ಬಡವಾಗಿತ್ತು. ೧೯೯೧ರಲ್ಲಿ ಪರಾನಾ ಕಾನೂನು ಮಾಡಿ ಪುರಸಭೆಗಳ ಪಾಲಿನ ಶೇ. ೫ನ್ನು ಪರಿಸರದ ಆಧಾರದಲ್ಲಿ ಹಂಚತೊಡಗಿತು: ಅರ್ಧ ಸಂರಕ್ಷಿತ ಪ್ರದೇಶಗಳಿಗೆ, ಅರ್ಧ ಜಲಾನಯನಗಳಿಗೆ. ವಿಸ್ತೀರ್ಣವನ್ನಷ್ಟೇ ಅಲ್ಲದೆ, ಸಂರಕ್ಷಿತ ಪ್ರದೇಶಗಳ ಗುಣಮಟ್ಟವನ್ನೂ ಪರಿಶೀಲಿಸಿ ಅಂಕ ಕೊಡುವ ಪದ್ಧತಿ ಬಂದಿತು. ಸಂರಕ್ಷಿತ ಪ್ರದೇಶಗಳು ಹೆಚ್ಚಿದವು. ಬ್ರೆಜಿಲ್‌ನ ಇತರ ಹಲವು ರಾಜ್ಯಗಳೂ ಅದನ್ನು ಅನುಸರಿಸಿದವು. ದೋಷಗಳು ಇಲ್ಲದಿಲ್ಲ. ನೆರೆಯ ಊರು ಕಾಡು ಉಳಿಸಿದರೆ ತಾನು ಸ್ವಲ್ಪ ಸಡಿಲ ಬಿಡುವ ಪ್ರವೃತ್ತಿ ಪುರಸಭೆಗಳಲ್ಲಿ ಉಂಟೆಂದು ೨೦೧೪ರ ಒಂದು ಅಧ್ಯಯನ ತೋರಿಸಿತು. ಆದರೂ ತೀರ್ಮಾನ ಮಾಡುವವರ ಕೈಗೇ ಹಣ ತಲುಪಿತು ಎಂಬುದು ಮುಖ್ಯ.

೨೦೧೯ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಮಲೆನಾಡು ಬೀದಿಗಿಳಿಯಿತು. ಆ ಒಗ್ಗಟ್ಟು ಬಜೆಟ್ಟಿನ ವಿಷಯದಲ್ಲಿ ಕಾಣದಿರುವುದು ಈ ಪತ್ರಿಕೆಯ ಹಳೆಯ ಕೊರಗು. ಸಂವಿಧಾನದ ೨೪೩(ಐ) ವಿಧಿಯಂತೆ ಪ್ರತಿ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಿ, ಪಂಚಾಯಿತಿಗಳಿಗೆ ಹಣ ಹಂಚುವ ತತ್ವಗಳನ್ನು ಸೂಚಿಸಬೇಕು. ದೆಹಲಿಯ ಸೂತ್ರದಲ್ಲಿ ಕಾಡಿಗೆ ದೊರೆತ ತೂಕ ಬೆಂಗಳೂರಿನ ಸೂತ್ರದಲ್ಲಿಯೂ ದೊರೆಯಬೇಕು, ಹಣ ನೇರವಾಗಿ ಗ್ರಾಮ ಪಂಚಾಯಿತಿಯ ಖಾತೆಗೆ ಬರಬೇಕು ಎಂಬುದು ನಮ್ಮ ಬೇಡಿಕೆ. ಅಷ್ಟನ್ನೂ ಸಸಿ ನೆಡುವುದಕ್ಕೇ ಬಳಸಬೇಕೆಂದು ನಾವು ಹೇಳುತ್ತಿಲ್ಲ. ಹದಿಮೂರನೆಯ ಆಯೋಗವೇ ತನ್ನ ಅರಣ್ಯ ಅನುದಾನದ ಮುಕ್ಕಾಲು ಭಾಗವನ್ನು ಇತರ ಅಭಿವೃದ್ಧಿಗೆ ಬಿಟ್ಟುಕೊಟ್ಟಿತ್ತು. ಕಾಲುಸಂಕವೂ ಕಾಡಿನ ಖರ್ಚೇ. ಅಳತೆಯಲ್ಲಿ ಮಾತ್ರ ಸಹಜ ಕಾಡು, ಹುಲ್ಲುಗಾವಲು, ಸೊಪ್ಪಿನ ಬೆಟ್ಟಗಳನ್ನು ಅಕೇಶಿಯಾದಿಂದ ಬೇರ್ಪಡಿಸಿ ಎಣಿಸಲೇಬೇಕು.

ಮುಂದಿನ ಗ್ರಾಮಸಭೆಯಲ್ಲಿ ಓದುಗರು ಅಭಿವೃದ್ಧಿ ಅಧಿಕಾರಿಯವರಿಂದ ಮೂರು ಅಂಕಿಗಳನ್ನು ಕೇಳಿ ಪಡೆಯಬೇಕೆಂದು ಕೋರುತ್ತೇವೆ: ಪಂಚಾಯಿತಿಯ ಗಡಿಯೊಳಗಿನ ಕಾಡಿನ ವಿಸ್ತೀರ್ಣ, ಅದರಲ್ಲಿ ನೆಡುತೋಪು ಎಷ್ಟು, ಕಳೆದ ವರ್ಷದ ಸ್ವಂತ ವರಮಾನ ಎಷ್ಟು. ನೆಡುತೋಪಿನ ಅಂಕಿ ಕಚೇರಿಯಲ್ಲಿ ಸಿಗದಿದ್ದರೆ ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ನಡೆದು ಗುರುತಿಸಬಹುದು. ಅವನ್ನು ಪತ್ರಿಕೆಗೆ ಕಳುಹಿಸಿದರೆ ಪಂಚಾಯಿತಿವಾರು ಪಟ್ಟಿ ಮಾಡಿ ಮನವಿಯೊಂದಿಗೆ ಲಗತ್ತಿಸುತ್ತೇವೆ.