ತೂಕ ಇಳಿಸುವ ಆಪರೇಷನ್‌ಗೆ ಹೊರಡುವ ಮುನ್ನ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಬಂಧುಗಳಲ್ಲಿ ವಿನಂತಿ



ಬೊಜ್ಜಿಗೆ ಆಪರೇಷನ್ ಮಾಡಿಸಿಕೊಳ್ಳಲು ನಮ್ಮ ಕಡೆಯವರು ಹೋಗುವುದು ಬೆಳಗಾವಿಗೆ, ಹುಬ್ಬಳ್ಳಿಗೆ, ಕೊಲ್ಲಾಪುರಕ್ಕೆ, ಪುಣೆಗೆ, ಬೆಂಗಳೂರಿಗೆ. ಮೂರು-ನಾಲ್ಕು ದಿನಕ್ಕೆ ಡಿಸ್ಚಾರ್ಜ್ ಆಗಿ ಮರಳುವುದು ಘಟಪ್ರಭಾಕ್ಕೆ, ಸಂಕೇಶ್ವರಕ್ಕೆ, ಕೌಜಲಗಿಗೆ, ಯಮಕನಮರಡಿಗೆ. ಕೊಯ್ದ ಕೈ ದೊಡ್ಡ ಊರಿನಲ್ಲಿ ಉಳಿಯಿತು, ಕೊಯ್ಯಿಸಿಕೊಂಡ ಹೊಟ್ಟೆ ನಮ್ಮೂರಿಗೆ ಬಂತು. ಇಲ್ಲಿಂದ ಮುಂದೆ ಆ ಹೊಟ್ಟೆಗೆ ಏನು ಹಾಕಬೇಕು, ಅದಕ್ಕೆ ಏನಾದರೂ ಆದರೆ ಯಾರು ನೋಡಬೇಕು ಎಂಬುದನ್ನು ಬಹಳ ಮನೆಗಳಲ್ಲಿ ಯಾರೂ ಕೇಳಿರುವುದಿಲ್ಲ.

ಆದ್ದರಿಂದ ಈ ಹಾಳೆ. ಮೊದಲಿನ ತಯಾರಿ ಪೂರ್ತಿಯಾಗದೆ, ಆಮೇಲಿನ ವರ್ಷಗಳ ತಪಾಸಣೆಯನ್ನು ಯಾರು, ಎಲ್ಲಿ ಮಾಡುತ್ತಾರೆಂದು ಖಾತ್ರಿಯಾಗದೆ ಈ ಆಪರೇಷನ್ ಮಾಡಿಸಿಕೊಳ್ಳಬೇಡಿ. ನಮ್ಮ ಮಾತು ಇಷ್ಟೇ.

ಆಪರೇಷನ್ನೇ ಬೇಡ ಎನ್ನುವವರು ನಾವಲ್ಲ. ಬೊಜ್ಜು ಒಂದು ರೋಗ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿ ತೂಕ ಮೀರಿದವರು ಅಥವಾ ಬೊಜ್ಜಿನವರು. ಮಂಡಿ ಸವೆದು ಮೆಟ್ಟಿಲು ಹತ್ತಲಾಗದವರಿಗೆ, ರಾತ್ರಿ ಗೊರಕೆಯ ನಡುವೆ ಉಸಿರು ಕಟ್ಟಿ ಎದ್ದು ಕೂರುವವರಿಗೆ, ಇನ್ಸುಲಿನ್ ಏರಿಸುತ್ತಲೇ ಹೋದರೂ ಶುಗರ್ ಇಳಿಯದವರಿಗೆ ಈ ಆಪರೇಷನ್ ಮರುಜೀವ ಕೊಟ್ಟದ್ದುಂಟು. ಅಂಥವರನ್ನು ‘ಬಾಯಿ ಕಟ್ಟಿದ್ದರೆ ಸಾಕಿತ್ತು’ ಎಂದು ಹಂಗಿಸುವುದನ್ನು ದಯವಿಟ್ಟು ಬಿಡಿ. ಆ ಹಂಗಿನ ಮಾತಿಗೆ ಅಂಜಿಯೇ ಎಷ್ಟೋ ಜನ ಯಾರಿಗೂ ಹೇಳದೆ ಹೋಗಿ ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದಲೇ.

2022ರ ಮೇ 16ನ್ನು ನೆನಪಿಸಿಕೊಳ್ಳಿ. ಕನ್ನಡ ಧಾರಾವಾಹಿಗಳಲ್ಲಿ ನಟಿಸುತ್ತಿದ್ದ ಚೇತನಾ ರಾಜ್ ಎಂಬ 21 ವರ್ಷದ ಹುಡುಗಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ಹೆಣವಾಗಿ ಬಂದಳು. ತಮಗೆ ಗೊತ್ತೇ ಇರಲಿಲ್ಲ ಎಂದು ಅವಳ ತಂದೆ-ತಾಯಿ ಅತ್ತದ್ದನ್ನು ಟಿ.ವಿ.ಯಲ್ಲಿ ನಾವೆಲ್ಲ ನೋಡಿದ್ದೇವೆ. ಅವಳಿಗೆ ಮಾಡಿದ್ದು ಚರ್ಮದ ಅಡಿಯ ಕೊಬ್ಬನ್ನು ಕೊಳವೆಯಿಂದ ಹೀರುವ ಲೈಪೊಸಕ್ಷನ್. ಅದು ದೇಹದ ಆಕಾರ ತಿದ್ದಲು ಇರುವುದು. ಅದರಿಂದ ಬೊಜ್ಜಿನ ರೋಗ ವಾಸಿಯಾಗುವುದಿಲ್ಲ, ಶುಗರ್ ಇಳಿಯುವುದಿಲ್ಲ. ಈ ಹಾಳೆ ಹೇಳುತ್ತಿರುವ ಬೇರಿಯಾಟ್ರಿಕ್ ಆಪರೇಷನ್ ಬೇರೆ. ಅದರಲ್ಲಿ ಎರಡು ಬಗೆ ಹೆಚ್ಚು ನಡೆಯುತ್ತವೆ. ‘ಸ್ಲೀವ್’ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನಷ್ಟು ಕೊಳವೆ ಉಳಿಸುತ್ತಾರೆ. ‘ಬೈಪಾಸ್’ನಲ್ಲಿ ಜಠರವನ್ನು ಸಣ್ಣ ಚೀಲ ಮಾಡಿ, ಕರುಳಿನ ಒಂದಷ್ಟು ಉದ್ದವನ್ನು ದಾಟಿಸಿ ಮುಂದೆ ಜೋಡಿಸುತ್ತಾರೆ. ಸ್ಲೀವ್‌ನಲ್ಲಿ ತೆಗೆದ ಜಠರ ಮತ್ತೆ ಬರುವುದಿಲ್ಲ. ಎರಡರಲ್ಲಿ ನಿಮಗೆ ಯಾವುದು, ಯಾಕೆ ಅದೇ ಎಂಬ ಪ್ರಶ್ನೆಗೆ ನಿಮಗೆ ಅರ್ಥವಾಗುವ ಮಾತಿನಲ್ಲಿ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.

ಯಾರಿಗೆ ಬೇಕು? ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ಬಿ.ಎಂ.ಐ. ಎನ್ನುತ್ತಾರೆ. ಐದು ಅಡಿ ಎರಡು ಅಂಗುಲದ ಹೆಣ್ಣುಮಗಳು 87 ಕಿಲೊ ಇದ್ದರೆ ಅದು ಸುಮಾರು 35. ಅಂತರರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು 2022ರಲ್ಲಿ ಕೊಟ್ಟ ಸಲಹೆಯಂತೆ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಸೂಚಿಸಬಹುದು. 30 ದಾಟಿ ಶುಗರ್‌ನಂಥ ಕಾಯಿಲೆ ಇದ್ದವರಿಗೂ ಯೋಚಿಸಬಹುದು. ನಮ್ಮಂಥ ಏಷ್ಯಾದವರಿಗೆ ಗಡಿ ಇನ್ನೂ ಕೆಳಗಿದೆ. ಮಗಳ ಮದುವೆ ಗೊತ್ತಾಗಿದೆ, ಹತ್ತು ಕಿಲೊ ಇಳಿಯಬೇಕು ಎನ್ನುವವರಿಗಾಗಿ ಇರುವ ಆಪರೇಷನ್ ಇದಲ್ಲ.

ಇನ್ನು ತಯಾರಿ. ಮೊದಲ ಭೇಟಿಯಲ್ಲೇ ‘ಪ್ಯಾಕೇಜ್ ಇಷ್ಟು, ಬರುವ ಸೋಮವಾರ ಬನ್ನಿ’ ಎಂದರೆ ಎದ್ದು ಬನ್ನಿ. 2017ರ ಫೆಬ್ರುವರಿಯಲ್ಲಿ ಸುಮಾರು 500 ಕಿಲೊ ತೂಕದ ಈಜಿಪ್ಟಿನ ಈಮಾನ್ ಅಹ್ಮದ್ ಅವರನ್ನು ವಿಮಾನದಲ್ಲಿ ಮುಂಬೈಗೆ ಕರೆತಂದಿದ್ದರು. ಅಂಥ ಸ್ಥಿತಿಯಲ್ಲಿದ್ದವರಿಗೂ ವೈದ್ಯರು ಮಾರನೆಯ ದಿನ ಕತ್ತರಿ ಹಿಡಿಯಲಿಲ್ಲ. ಮೂರು ವಾರಕ್ಕೂ ಹೆಚ್ಚು ಕಾಲ ದ್ರವಾಹಾರ ಕೊಟ್ಟು, ತೂಕ ಇಳಿಸಿ, ಮಾರ್ಚ್‌ನಲ್ಲಿ ಆಪರೇಷನ್ ಮಾಡಿದರು. ಅದೇ ಸೆಪ್ಟೆಂಬರ್‌ನಲ್ಲಿ ಅವರು ಅಬುಧಾಬಿಯಲ್ಲಿ ಹೃದಯ, ಮೂತ್ರಪಿಂಡದ ತೊಂದರೆಗಳಿಂದ ತೀರಿಕೊಂಡರು ಎಂಬುದನ್ನೂ ಮುಚ್ಚಿಡಬಾರದು. ಬೊಜ್ಜಿನ ಜೊತೆಗೆ ಬಂದ ರೋಗಗಳು ಆಪರೇಷನ್ ಮುಗಿದ ಕೂಡಲೇ ಮಾಯವಾಗುವುದಿಲ್ಲ.

ತಯಾರಿ ಎಂದರೆ ಹೃದಯಕ್ಕೆ ಇ.ಸಿ.ಜಿ., ಬೇಕಿದ್ದರೆ ಎಕೊ. ಥೈರಾಯ್ಡ್, ಮೂರು ತಿಂಗಳ ಸರಾಸರಿ ಶುಗರ್, ರಕ್ತದ ಕಬ್ಬಿಣಾಂಶ, ಬಿ12, ವಿಟಮಿನ್ ಡಿ. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ಸ್ಕ್ಯಾನಿಂಗ್, ಜಠರದಲ್ಲಿ ಹುಣ್ಣಿದೆಯೇ ಎಂದು ಎಂಡೊಸ್ಕೊಪಿ. ಗೊರಕೆ ಜೋರಾಗಿದ್ದರೆ ನಿದ್ದೆಯ ಪರೀಕ್ಷೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದೆಯೆಂದು ಅರಿವಳಿಕೆ ಕೊಡುವವರಿಗೆ ಗೊತ್ತಿಲ್ಲದೇ ಹೋದರೆ ಅದೇ ಪ್ರಾಣಕ್ಕೆ ಕುತ್ತಾಗಬಹುದು. ಮನೋವೈದ್ಯರ ಹತ್ತಿರ ಕಳಿಸಿದರೆ ‘ನನಗೇನು ಹುಚ್ಚೇ’ ಎಂದು ಸಿಟ್ಟಾಗಬೇಡಿ. ದುಃಖ ಬಂದಾಗ ತಿನ್ನುವ ರೂಢಿ, ಕುಡಿತದ ರೂಢಿ ಇದ್ದವರಿಗೆ ಆಪರೇಷನ್ ಆದಮೇಲೆ ಆ ಆಸರೆ ತಪ್ಪುತ್ತದೆ. ಬೈಪಾಸ್ ಆದವರಿಗಂತೂ ಮದ್ಯ ಬೇಗ ನೆತ್ತಿಗೇರುತ್ತದೆ. ಬೀಡಿ, ಸಿಗರೇಟು ಕಡೇಪಕ್ಷ ಆರು ವಾರ ಮುಂಚೆ ನಿಲ್ಲಬೇಕು, ಮತ್ತೆ ಶುರುವಾಗಬಾರದು. ನಿಪ್ಪಾಣಿಯ ಹೊಗೆಸೊಪ್ಪಿನ ಪೇಟೆ ಪಕ್ಕದಲ್ಲೇ ಇರುವ ನಮಗೆ ಇದು ಕಷ್ಟವೆಂದು ಗೊತ್ತು. ತಂಬಾಕಿನ ಚಟವಿದ್ದರೆ ಹೊಲಿಗೆ ಬೇಗ ಮಾಯುವುದಿಲ್ಲ, ಹುಣ್ಣಾಗುತ್ತದೆ.

ಕೊನೆಯ ಎರಡು ವಾರ ಬಹಳ ಕಡೆ ಕಡಿಮೆ ಕ್ಯಾಲರಿಯ ದ್ರವಾಹಾರ ಹೇಳುತ್ತಾರೆ. ಬೊಜ್ಜಿನವರ ಯಕೃತ್ತು ಕೊಬ್ಬಿನಿಂದ ಊದಿಕೊಂಡು ಜಠರದ ಮೇಲೆ ಕವಿದಿರುತ್ತದೆ. ಈ ಪಥ್ಯದಿಂದ ಅದು ಕುಗ್ಗಿ ವೈದ್ಯರ ಕೈಗೆ ಜಾಗ ಸಿಗುತ್ತದೆ. ಇದನ್ನು ತಿಳಿಸಿ ಹೇಳದಿದ್ದರೆ ‘ಹೇಗೂ ಇನ್ನು ತಿನ್ನಲಾಗುವುದಿಲ್ಲ’ ಎಂದು ಹಿಂದಿನ ರಾತ್ರಿ ಮನೆಯವರೇ ಹೋಳಿಗೆ-ತುಪ್ಪ ಬಡಿಸಿ ಕಳಿಸುತ್ತಾರೆ.

ಈಗ ಮರಳಿ ಊರಿಗೆ ಬನ್ನಿ. ನಾವು ಹೆಚ್ಚು ಹೆದರುವುದು ಈ ಭಾಗಕ್ಕೇ.

ಹೀಗೊಂದು ಮನೆ ಎಂದುಕೊಳ್ಳಿ. ಆಪರೇಷನ್ ಆಗಿ ಐದು ವಾರ. ಅವ್ವನಿಗೆ ದಿನಾ ವಾಂತಿ. ನೀರೂ ನಿಲ್ಲುತ್ತಿಲ್ಲ. ‘ಹೊಟ್ಟೆ ಸಣ್ಣದಾಗಿದೆಯಲ್ಲ, ಹಂಗೇ ಆಗತೈತಿ’ ಎಂದು ಮನೆಯವರು ಹದಿನೈದು ದಿನ ಸುಮ್ಮನಿರುತ್ತಾರೆ. ಆಮೇಲೆ ನಿಶ್ಶಕ್ತಿ ಎಂದು ಹತ್ತಿರದ ದವಾಖಾನೆಗೆ ಒಯ್ದು ಗ್ಲೂಕೋಸ್ ಬಾಟಲಿ ಹಚ್ಚಿಸುತ್ತಾರೆ. ಎಲ್ಲರೂ ಒಳ್ಳೆಯದಕ್ಕೇ ಮಾಡಿದ್ದು. ಆದರೆ ವಾರಗಟ್ಟಲೆ ವಾಂತಿಯಾದವರ ಮೈಯಲ್ಲಿ ಥಯಾಮಿನ್, ಅಂದರೆ ವಿಟಮಿನ್ ಬಿ1, ಬರಿದಾಗಿರುತ್ತದೆ. ದೇಹದಲ್ಲಿ ಇದರ ದಾಸ್ತಾನು ಎರಡು-ಮೂರು ವಾರಕ್ಕಷ್ಟೇ ಸಾಕು. ಗ್ಲೂಕೋಸನ್ನು ಅರಗಿಸಿಕೊಳ್ಳಲು ಮಿದುಳಿಗೆ ಅದೇ ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಕಣ್ಣು ಓಲಾಡಬಹುದು, ಕಾಲು ತಡವರಿಸಬಹುದು, ಬುದ್ಧಿ ಮಂಕಾಗಬಹುದು. ತಡವಾದರೆ ನೆನಪು ಕಾಯಂ ಆಗಿ ಹೋಗಬಹುದು. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್: ಸರದಿ ಇಷ್ಟು ತಿರುಗಿದರೆ ಸಾಕು. ದುಬಾರಿ ಔಷಧಿಯೂ ಅಲ್ಲ. ಆದರೆ ಆ ಬಾಟಲಿ ಹಚ್ಚುವವರಿಗೆ ಅವ್ವನಿಗೆ ಇಂಥ ಆಪರೇಷನ್ ಆಗಿದೆ ಎಂದು ಗೊತ್ತಿರಬೇಕು.

ಮೊದಲ ವಾರಗಳಲ್ಲಿ ಇನ್ನೂ ತುರ್ತಿನದು ಹೊಲಿಗೆ ಸೋರುವುದು. ಅದರ ಲಕ್ಷಣಗಳು ಜ್ವರ, ನಾಡಿ ಓಟ, ಹೊಟ್ಟೆನೋವು, ಕೆಲವರಿಗೆ ಎಡಭುಜದಲ್ಲಿ ನೋವು. ಮೀನಖಂಡ ಒಂದು ಕಡೆ ಊದಿ ನೋಯುತ್ತಿದ್ದರೆ, ಥಟ್ಟನೆ ಏದುಸಿರು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಗ್ಯಾಸ್ ಎಂದು ಸೋಡಾ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ಗೋಕಾಕದಿಂದ ಬೆಳಗಾವಿಗೆ ಅರವತ್ತು ಕಿಲೊಮೀಟರಿನ ಮೇಲೆ, ಮೂಡಲಗಿಯಿಂದ ಇನ್ನೂ ದೂರ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು ದಾಟಿ ಹೋಗಬೇಕು. ಮೊದಲ ತಿಂಗಳು ಗಾಡಿ ಯಾರದು, ರಾತ್ರಿ ಫೋನ್ ಎತ್ತುವವರು ಯಾರು ಎಂಬುದು ಆಪರೇಷನ್‌ಗೆ ಮುಂಚೆಯೇ ಗೊತ್ತಾಗಿರಬೇಕು.

ಶುಗರ್, ಬಿ.ಪಿ. ಗುಳಿಗೆ ನುಂಗುವವರೇ, ಹಳೆಯ ಚೀಟಿ ಹಿಡಿದು ಅದೇ ಡೋಸ್ ಮುಂದುವರಿಸಬೇಡಿ. ಊಟ ಕಾಲುಭಾಗಕ್ಕೆ ಇಳಿದಿರುವಾಗ ಹಳೆಯ ಪ್ರಮಾಣದ ಇನ್ಸುಲಿನ್ ತೆಗೆದುಕೊಂಡರೆ ಶುಗರ್ ಕುಸಿದು ಎಚ್ಚರ ತಪ್ಪಬಹುದು. ಹೊಲದ ಕೆಲಸಕ್ಕೆ ಮೈಕೈ ನೋವೆಂದು ಅಂಗಡಿಯ ನೋವಿನ ಗುಳಿಗೆ ನುಂಗುವುದೂ ಬೇಡ, ಬೈಪಾಸ್ ಆದವರಿಗೆ ಜೋಡಣೆಯಲ್ಲಿ ಹುಣ್ಣೇಳುತ್ತದೆ.

ಊಟದ ಮಾತು. ಮೊದಲು ತಿಳಿಯಾದ ದ್ರವ, ಆಮೇಲೆ ಮಜ್ಜಿಗೆ, ಬೇಳೆಕಟ್ಟು, ಆಮೇಲೆ ಅರೆದದ್ದು, ಮೆತ್ತನೆಯದು. ಸುಮಾರು ಎರಡು ತಿಂಗಳಿಗೆ ಗಟ್ಟಿ ಊಟ. ಕಟಕ ರೊಟ್ಟಿಗೆ ಅವಸರ ಬೇಡ. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನ್ ಬೇಕು. ರೊಟ್ಟಿ-ಪಲ್ಯದಲ್ಲಿ ಅಷ್ಟು ಸಿಗುವುದಿಲ್ಲ. ಮೊಟ್ಟೆ, ಮೊಸರು, ಪನೀರು, ಮೊಳಕೆ ಬಂದ ಮಡಿಕೆ ಕಾಳು, ತಿನ್ನುವವರಿಗೆ ಮೀನು, ಕೋಳಿ. ತಟ್ಟೆಯಲ್ಲಿ ಇವು ಮೊದಲು, ರೊಟ್ಟಿ ಆಮೇಲೆ. ಗೋಕಾಕಿನ ಕರದಂಟು ನಮಗೆಲ್ಲ ಹೆಮ್ಮೆ. ಆದರೆ ಬೈಪಾಸ್ ಆದವರು ಬೆಲ್ಲದ ಕರದಂಟನ್ನೋ ಕಬ್ಬಿನ ಹಾಲನ್ನೋ ಗಬಗಬ ಸೇವಿಸಿದರೆ ಅದು ನೇರ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು ಬರುತ್ತವೆ. ‘ಒಂದು ತುಂಡು ತಿನ್ನವ್ವಾ’ ಎಂದು ಬೀಗರು ಒತ್ತಾಯಿಸಿದಾಗ ಮನೆಯವರು ಅಡ್ಡ ನಿಲ್ಲಬೇಕು.

ವಿಟಮಿನ್ ಗುಳಿಗೆ ಜೀವ ಇರುವವರೆಗೆ. ತೂಕ ಇಳಿಯಿತು, ಮೈ ಹಗುರಾಯಿತು, ಇನ್ನೇಕೆ ಖರ್ಚು ಎಂದು ಎರಡನೆಯ ವರ್ಷ ಬಿಡುವವರು ಬಹಳ. ಬಿ12ರ ದಾಸ್ತಾನು ಯಕೃತ್ತಿನಲ್ಲಿ ವರ್ಷಗಟ್ಟಲೆ ಇರುವುದರಿಂದ ಕೊರತೆ ತಡವಾಗಿ ತೋರುತ್ತದೆ. ಪಾದ ಜೋಮು ಹಿಡಿಯುವ ಹೊತ್ತಿಗೆ ನರ ಹಾಳಾಗಿರಬಹುದು. ಸಸ್ಯಾಹಾರಿಗಳಲ್ಲಿ ಬಿ12 ಮೊದಲೇ ಕಡಿಮೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗಳ ನಡುವೆ ಎರಡು ತಾಸು ಅಂತರ ಇರಲಿ, ಕಬ್ಬಿಣವನ್ನು ಚಹಾದ ಜೊತೆ ನುಂಗಬೇಡಿ. ಮೊದಲ ವರ್ಷ ವೈದ್ಯರು ಹೇಳಿದಾಗಲೆಲ್ಲ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಆಗಲೇಬೇಕು. ಹೊಸದಾಗಿ ಮದುವೆಯಾದವರು ಆಪರೇಷನ್ ಆದಮೇಲೆ ಒಂದರಿಂದ ಒಂದೂವರೆ ವರ್ಷ ಬಸಿರಾಗುವುದನ್ನು ಮುಂದೂಡಬೇಕು. ಈ ಮಾತನ್ನು ಅತ್ತೆಯ ಮುಂದೆ ಸೊಸೆ ಹೇಳಲಾರಳು. ಗಂಡನೇ ಹೇಳಬೇಕು.

ಹಣದ ವಿಷಯ. ಬೊಜ್ಜಿನ ಆಪರೇಷನ್‌ಗೆ ವಿಮೆ ಸಿಗುವುದೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಮಾಡಿದ ನಿಯಮದ ಒಕ್ಕಣೆಯಂತೆ 18 ವರ್ಷ ತುಂಬಿದವರಲ್ಲಿ ಬಿ.ಎಂ.ಐ. 40 ದಾಟಿದವರು, ಅಥವಾ 35 ದಾಟಿ ತೀವ್ರ ಶುಗರ್, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇದ್ದು, ಬೇರೆ ಚಿಕಿತ್ಸೆ ಫಲಿಸದವರು ವೈದ್ಯರ ಸಲಹೆಯ ಮೇಲೆ ಮಾಡಿಸಿಕೊಂಡರೆ ಕೇಳಬಹುದು. ನಿಮ್ಮ ಪಾಲಿಸಿಯನ್ನು ಓದಿಸಿ ನೋಡಿ. ಇಲ್ಲೂ ಕೆಲಸಕ್ಕೆ ಬರುವುದು ತಯಾರಿಯ ಕಾಗದಗಳೇ. ಆಪರೇಷನ್ನಿನ ಖರ್ಚಿನ ಪಕ್ಕದಲ್ಲೇ ಮುಂದಿನ ಐದು ವರ್ಷದ ಗುಳಿಗೆ, ಪರೀಕ್ಷೆ, ಪ್ರಯಾಣದ ಖರ್ಚನ್ನೂ ಬರೆದುಕೊಳ್ಳಿ. ಹೊಲ ಅಡವಿಟ್ಟು ಮೊದಲಿನದಕ್ಕಷ್ಟೇ ಹಣ ಹೊಂದಿಸಿದ್ದರೆ ಇನ್ನೂ ಆರು ತಿಂಗಳು ತಡೆಯಿರಿ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ಕರ್ನಾಟಕದ ಪ್ರತಿ ಖಾಸಗಿ ಆಸ್ಪತ್ರೆಯೂ ನೋಂದಣಿಯಾಗಿರಬೇಕು. ಪ್ರಮಾಣಪತ್ರ ಕೇಳಿ ನೋಡಿ. ಐ.ಸಿ.ಯು. ಅದೇ ಕಟ್ಟಡದಲ್ಲಿದೆಯೇ ಎಂದೂ ಕೇಳಿ.

ನಮ್ಮ ಮೂರೂ ತಾಲೂಕುಗಳ ವೈದ್ಯರಲ್ಲಿ ಒಂದು ಬೇಡಿಕೆ: ಬೇರೆ ಊರಿನಲ್ಲಿ ಆಪರೇಷನ್ ಆಗಿ ಬಂದವರನ್ನು ‘ಅಲ್ಲೇ ಹೋಗಿ’ ಎಂದು ತಿರುಗಿಸಿ ಕಳಿಸಬೇಡಿ. ಆಪರೇಷನ್ ಮಾಡಿದವರಿಗೆ ಒಂದು ಫೋನ್ ಹಚ್ಚಿ. ತಾಲೂಕು ಆಸ್ಪತ್ರೆಗಳಲ್ಲಿ ಬಿ12, ಕಬ್ಬಿಣಾಂಶ, ವಿಟಮಿನ್ ಡಿ ಪರೀಕ್ಷೆಗಳು ನಿಯಮಿತವಾಗಿ ಸಿಗುವಂತಾಗಲಿ, ಥಯಾಮಿನ್ ಇಂಜೆಕ್ಷನ್ ಯಾವಾಗಲೂ ಇರಲಿ ಎಂದು ಆರೋಗ್ಯ ಇಲಾಖೆಯನ್ನೂ ಕೇಳುತ್ತೇವೆ.

ಈ ಹಾಳೆಯ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಆಪರೇಷನ್ ಆದವರು ಅಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಸ್ಲೀವೋ ಬೈಪಾಸೋ, ಯಾವ ತಾರೀಖು, ಆಪರೇಷನ್ ಮಾಡಿದವರ ಫೋನ್ ನಂಬರು, ಈಗಿನ ಗುಳಿಗೆಗಳು. ಅದರ ಕೆಳಗೆ ಈ ಸಾಲು: ‘ವಾಂತಿಯಾಗುತ್ತಿದ್ದರೆ ಗ್ಲೂಕೋಸ್ ಹಚ್ಚುವ ಮೊದಲು ಥಯಾಮಿನ್ ಕೊಡಿ.’ ಮಡಚಿ ಪಾಕೀಟಿನಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಪ್ರತಿ ಮನೆಯವರ ಹತ್ತಿರ ಇರಲಿ.